ನೆಲ ಕೀಳಿಸುವ ಮೊದಲು ತಟ್ಟಿ ನೋಡಿ

ಹಾಲ್‌ನ ನಡುವೆ ಒಂದು ಟೈಲ್ ಕಟಕಟ ಅನ್ನತೊಡಗಿದರೆ ಸಾಕು, ನೋಡಿದವರೆಲ್ಲ ‘ಪೂರ್ತಿ ಕಿತ್ತು ಹೊಸದು ಹಾಕಿಸಿಬಿಡಿ’ ಅಂತಾರೆ. ಅವಸರ ಬೇಡ. ಟಿವಿ, ಫ್ಯಾನು ಆರಿಸಿ, ಒಂದು ನಾಣ್ಯ ಹಿಡಿದು ನೆಲದ ಮೇಲೆ ಕೂತುಕೊಳ್ಳಿ. ಪ್ರತಿ ಟೈಲನ್ನೂ ನಾಲ್ಕು ಮೂಲೆಯಲ್ಲಿ, ನಡುವಿನಲ್ಲಿ ತಟ್ಟುತ್ತ ಬನ್ನಿ. ಗಟ್ಟಿಯಾಗಿ ಕೂತದ್ದು ಗಡಸು ಸದ್ದು ಕೊಡುತ್ತದೆ, ಅಡಿಯಲ್ಲಿ ಟೊಳ್ಳಿದ್ದದ್ದು ಬೊಳಬೊಳ ಅನ್ನುತ್ತದೆ. ಟೊಳ್ಳಿದ್ದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮುಗಿದ ಮೇಲೆ ಎದ್ದು ನಿಂತು ನೋಡಿದರೆ ಎಷ್ಟು ಕೆಲಸ ಇದೆಯೆಂದು ಕಣ್ಣಿಗೇ ಕಾಣುತ್ತದೆ. ಒಂದೇ ಮೂಲೆ ಟೊಳ್ಳು, ಬಿರುಕಿಲ್ಲ, ಅಲುಗಾಟವಿಲ್ಲ ಅಂದರೆ ಅದನ್ನು ಮುಟ್ಟಬೇಡಿ. ಅದರ ಮೇಲೆ ಬೀರು ಅಥವಾ ಫ್ರಿಜ್ಜಿನ ಕಾಲು ಬರದಂತೆ ನೋಡಿಕೊಂಡರೆ ಸಾಕು. ಕಾಲಿಟ್ಟರೆ ಅಲುಗುವುದು, ಸೀಳಿದ್ದು, ಅಂಚು ಎದ್ದದ್ದು ಮಾತ್ರ ಬದಲಾಗಬೇಕು.

ಈ ಟೊಳ್ಳು ಬರುವುದು ಬಹುಪಾಲು ಹಾಕುವಾಗಿನ ಅವಸರದಿಂದಲೇ. ಟೈಲಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಸಿಮೆಂಟಿನ ಉಂಡೆ ಮೆತ್ತಿ ಒತ್ತಿಬಿಡುತ್ತಾರೆ. ಉಂಡೆಗಳ ನಡುವೆ ಬರೀ ಗಾಳಿ. ಇನ್ನೊಂದು ಕಾರಣ ವಿಟ್ರಿಫೈಡ್ ಟೈಲಿನ (ಗಾಜಿನಂತೆ ಬಿಗಿಯಾಗುವ ಹಾಗೆ ಸುಟ್ಟ ಟೈಲ್) ಗುಣ. ಅದು ತನ್ನ ತೂಕದ 0.5 ಶೇಕಡದಷ್ಟೂ ನೀರು ಕುಡಿಯುವುದಿಲ್ಲ, ಹಾಗಾಗಿ ಬರೀ ಸಿಮೆಂಟು ಅದನ್ನು ಹಿಡಿದುಕೊಳ್ಳುವುದೇ ಇಲ್ಲ. ಹಳೇ ಸಿರಾಮಿಕ್ ಟೈಲನ್ನು ನೀರಲ್ಲಿ ನೆನೆಸಿ ಸಿಮೆಂಟಿಗೆ ಕೂರಿಸುತ್ತಿದ್ದರು, ಅದಕ್ಕೆ ಅದು ಸರಿ. ವಿಟ್ರಿಫೈಡ್‌ಗೆ ನೆನೆಸಿ ಪ್ರಯೋಜನವಿಲ್ಲ, ಟೈಲ್ ಅಂಟೇ (ಟೈಲ್ ಅಡ್ಹೆಸಿವ್) ಬೇಕು. ಮೂರನೆಯದು ಸಂದು ಬಿಡದೆ ಒತ್ತೊತ್ತಾಗಿ ಜೋಡಿಸುವುದು. ನೋಡಲು ಚೆಂದ, ಆದರೆ ಬಿಸಿಲಿಗೆ ಟೈಲ್ ಹಿಗ್ಗಲು ಜಾಗ ಬೇಡವೇ? ಜಾಗವಿಲ್ಲದೆ ಒಂದು ಮಧ್ಯಾಹ್ನ ಢಬ್ ಎಂದು ಎರಡು ಟೈಲ್ಸ್ ಡೇರೆಯ ಹಾಗೆ ಎದ್ದು ನಿಲ್ಲುತ್ತವೆ. ಟೈಲಿನ ನಡುವೆ 2 ಮಿ.ಮೀ., ಗೋಡೆಯ ಪಕ್ಕ 6 ಮಿ.ಮೀ. ಬಿಡಲೇಬೇಕು. ಗೋಡೆ ಪಕ್ಕದ ಸಂದು ಸ್ಕರ್ಟಿಂಗ್ (ಗೋಡೆ ಬುಡಕ್ಕೆ ಅಂಟಿಸುವ ಟೈಲ್ ಪಟ್ಟಿ) ಅಡಿಯಲ್ಲಿ ಮುಚ್ಚಿಹೋಗುತ್ತದೆ. ಆ ಸಂದಿಗೆ ಸಿಮೆಂಟು ತುಂಬಲು ಬಿಡಬೇಡಿ.

ಸಂದಿಯಿಂದ ಸಿಮೆಂಟು ನೀರು ಸುರಿದು ಟೊಳ್ಳು ತುಂಬಿಸುತ್ತೇವೆ ಅನ್ನುವವರೂ ಇದ್ದಾರೆ. ಅಡಿಯಲ್ಲಿ ಇರುವುದು ಪುಡಿ ಮಣ್ಣು, ಉದುರಿದ ಗಾರೆ. ಅದರ ಮೇಲೆ ಸುರಿದದ್ದು ಯಾವುದಕ್ಕೂ ಅಂಟುವುದಿಲ್ಲ.

ಒಂದು ಟೈಲ್ ಕೀಳುವುದಕ್ಕೂ ಕ್ರಮವಿದೆ. ಆ ಜಾಗದ ಅಡಿಯಲ್ಲಿ ಕರೆಂಟಿನ ಪೈಪೋ ನೀರಿನ ಪೈಪೋ ಹೋಗಿದೆಯೇ ಎಂದು ಮೊದಲು ತಿಳಿದುಕೊಳ್ಳಿ. ಆಮೇಲೆ ನಾಲ್ಕೂ ಬದಿಯ ಸಂದಿಗೆ ತುಂಬಿರುವ ಗಾರೆಯನ್ನು, ಅಂದರೆ ಗ್ರೌಟನ್ನು, ಕೆರೆದು ತೆಗೆಯಿರಿ. ಇದನ್ನು ಬಿಟ್ಟು ನೇರ ಸುತ್ತಿಗೆ ಎತ್ತಿದರೆ ಪೆಟ್ಟು ಸಂದಿನ ಮೂಲಕ ಪಕ್ಕದ ಟೈಲಿಗೆ ದಾಟಿ ಅದರ ಅಂಚೂ ಹಾರುತ್ತದೆ. ಕನ್ನಡಕ ಹಾಕಿಕೊಂಡು ಟೈಲಿನ ನಡುವೆ ಒಡೆಯಿರಿ, ಅಲ್ಲಿಂದ ಉಳಿಯನ್ನು ಓರೆ ಹಿಡಿದು ಅಂಚಿನ ಕಡೆಗೆ ಬನ್ನಿ. ಅಂಚಿನಿಂದ ಒಳಕ್ಕೆ ಮೀಟಬೇಡಿ. ಕಟಿಂಗ್ ಮಷಿನ್ ಬಳಸಿದರೆ ಎನ್95 ಮಾಸ್ಕ್ ಇಲ್ಲದೆ ಸ್ವಿಚ್ ಹಾಕಲೇಬೇಡಿ. ಆ ಬಿಳಿ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ.

ಟೈಲ್ ಕಿತ್ತುಬಂದ ಮೇಲೆ ಅಡಿಯ ಹಳೇ ಗಾರೆಯನ್ನು ಕೆತ್ತಿ ತಗ್ಗಿಸಬೇಕು. ಟೈಲ್ 9 ಮಿ.ಮೀ., ಅಂಟು 4 ಮಿ.ಮೀ. ಅಂದರೆ ಪಕ್ಕದ ಟೈಲಿನ ಮೇಲ್ಮೈಯಿಂದ 13 ಮಿ.ಮೀ. ಆಳ. ಅಷ್ಟು ಸಿಗದಿದ್ದರೆ ಹೊಸ ಟೈಲ್ ಎದ್ದು ನಿಂತು ಕಾಲಿಗೆ ತಾಗುತ್ತದೆ. ಪುಡಿಯೆಲ್ಲ ಬ್ರಷ್ಷಿನಲ್ಲಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರು ನಿಲ್ಲಬಾರದು, ತೇವ ಇದ್ದರೆ ಸಾಕು. ಅಂಟಿನ ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕದ ಸಂಖ್ಯೆ) ಎಂದಿರಬೇಕು. ವಿಟ್ರಿಫೈಡ್‌ಗೆ ಅಂಗಡಿಯಲ್ಲಿ ಟೈಪ್ 2 ಕೇಳಿ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ. ನೀರಿನ ಅಳತೆ ಚೀಲದ ಮೇಲೆ ಇರುತ್ತದೆ, ಸುಮಾರಾಗಿ 4 ಕೆ.ಜಿ. ಪುಡಿಗೆ 1 ಲೀಟರ್. ಕಲಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ. 2 ಅಡಿ ಟೈಲ್ ಒಂದಕ್ಕೆ ಸುಮಾರು 2 ಕೆ.ಜಿ. ಪುಡಿ ಹಿಡಿಯುತ್ತದೆ.

ಹೊಸ ಟೈಲಿನ ಬೆನ್ನ ಮೇಲೆ ಕೈಯಾಡಿಸಿ ನೋಡಿ, ಬಿಳೀ ಪುಡಿ ಅಂಟುತ್ತದೆ. ಗೂಡಿನಲ್ಲಿ ಸುಡುವಾಗ ಅಂಟಿಕೊಂಡದ್ದು ಅದು. ಒದ್ದೆ ಸ್ಪಂಜಿನಲ್ಲಿ ಒರೆಸದೆ ಕೂರಿಸಿದರೆ ಅಂಟು ಆ ಪುಡಿಯನ್ನು ಹಿಡಿಯುತ್ತದೆ, ಟೈಲನ್ನಲ್ಲ. ನೆಲಕ್ಕೆ ಹಲ್ಲಿರುವ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಿರಿ, ಬೆನ್ನಿಗೂ ತೆಳ್ಳಗೆ ಬಳಿಯಿರಿ. ಟೈಲನ್ನು ಇಟ್ಟು, ಗೆರೆಗಳಿಗೆ ಅಡ್ಡವಾಗಿ ಸ್ವಲ್ಪ ಜರುಗಿಸುತ್ತ ಒತ್ತಿ. ಗೆರೆ ಮಲಗಿ ಗಾಳಿ ಹೊರಬೀಳುತ್ತದೆ. ಒಮ್ಮೆ ಎತ್ತಿ ನೋಡಿ: ಬೆನ್ನೆಲ್ಲ ಒದ್ದೆಯಾಗಿದ್ದರೆ ಸರಿ, ಖಾಲಿ ಜಾಗ ಕಂಡರೆ ಇನ್ನಷ್ಟು ಹಚ್ಚಿ. ರಬ್ಬರ್ ಸುತ್ತಿಗೆ, ರಸಮಟ್ಟ ಇಟ್ಟು ಪಕ್ಕದವುಗಳ ಸಮ ಮಾಡಿ. 24 ಗಂಟೆ ಯಾರೂ ಕಾಲಿಡಬಾರದು, ಗ್ರೌಟು ಅದಾದ ಮೇಲೆಯೇ.

ಇಡೀ ಕೋಣೆ ಬದಲಿಸಲೇಬೇಕಾಗಿ ಬಂದರೆ ಚದರಡಿ ಲೆಕ್ಕ ನಂಬಿ ಅಂಗಡಿಗೆ ಹೋಗಬೇಡಿ. 10x12 ಅಡಿಯ ಕೋಣೆ ಅಂದರೆ 120 ಚದರಡಿ. 2 ಅಡಿ ಎನ್ನುವ ಟೈಲ್ ನಿಜವಾಗಿ 60 ಸೆಂ.ಮೀ.; ಲೆಕ್ಕಕ್ಕೆ 31 ಸಾಕು ಅನಿಸುತ್ತದೆ. ಅಂಟು ಹಚ್ಚದೆ ಒಂದು ಸಾಲು ಜೋಡಿಸಿ ನೋಡಿ. ಹತ್ತಡಿಗೆ ಐದು ಇಡೀ ಟೈಲ್ ಕೂತು, ಕೊನೆಯಲ್ಲಿ ಒಂದಂಗುಲದ ಪಟ್ಟಿ ಉಳಿಯುತ್ತದೆ. ಅಂಥ ಪಟ್ಟಿ ಕತ್ತರಿಸುವಾಗಲೇ ಮುರಿಯುತ್ತದೆ, ಮುರಿಯದಿದ್ದರೂ ಬೇಗ ಎದ್ದುಬರುತ್ತದೆ. ಅದರ ಬದಲು ನಡುವೆ ನಾಲ್ಕು ಇಡೀ ಟೈಲ್, ಎರಡೂ ಗೋಡೆಯ ಕಡೆ 31 ಸೆಂ.ಮೀ. ತುಂಡು ಬರುವಂತೆ ಹೊಂದಿಸಿ. ಹನ್ನೆರಡಡಿಗೂ ಹಾಗೆಯೇ, ನಡುವೆ ಐದು. 31 ಸೆಂ.ಮೀ.ನ ಎರಡು ತುಂಡು ಒಂದು ಟೈಲಿನಲ್ಲಿ ಹುಟ್ಟುವುದಿಲ್ಲ, ಹಾಗಾಗಿ ಬೇಕಾಗುವುದು 6 ಇಂಟು 7, 42 ಟೈಲ್ಸ್. ಖರ್ಚು ಜಾಸ್ತಿ ಅನ್ನಬೇಡಿ, ಕತ್ತರಿಸಿ ಉಳಿದ ಚೂರುಗಳಲ್ಲೇ ನಾಲ್ಕಂಗುಲದ ಸ್ಕರ್ಟಿಂಗ್ ಸುತ್ತಲೂ ಆಗುತ್ತದೆ. ನಾಲ್ಕರ ಡಬ್ಬಿಯಾದರೆ 12 ತನ್ನಿ, ಎಲ್ಲ ಡಬ್ಬಿಯ ಮೇಲೂ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಉಳಿದವನ್ನು ಅಟ್ಟದ ಮೇಲೆ ಇಟ್ಟಿರಿ. ಐದು ವರ್ಷ ಬಿಟ್ಟು ಅದೇ ಬಣ್ಣ ಸಿಗುವುದು ಕಷ್ಟ.

ಹಳೇ ನೆಲದ ಮೇಲೆಯೇ ಹಾಕಿಸುವ ಯೋಚನೆ ಇದ್ದರೆ ನೆಲ ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚೇ ಏರುತ್ತದೆ ಎಂಬುದು ನೆನಪಿರಲಿ. ಬಾಗಿಲ ಅಡಿ ಕೊರೆಯಬೇಕು, ಹೊಸ್ತಿಲು ಅಷ್ಟು ಹೂತುಹೋಗುತ್ತದೆ. ಹಳೇ ನೆಲದಲ್ಲಿ ಟೊಳ್ಳಿದ್ದರೆ ಈ ದಾರಿಯೇ ಬೇಡ.

ಬಚ್ಚಲಿನ ನೆಲ ಬೇರೆಯೇ ಜಾತಿ. ಪಕ್ಕದ ಗೋಡೆ ಬುಡದಲ್ಲಿ ಬಣ್ಣ ಉಬ್ಬಿದರೆ ನೀರು ಎಲ್ಲಿಂದ ಅನ್ನುವುದು ಗೊತ್ತಾಗುವ ತನಕ ಉಳಿ ಮುಟ್ಟಬೇಡಿ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಪೈಪಿನಲ್ಲಿ ಸೋರಿಕೆ. ಇಳಿಯದಿದ್ದರೆ ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ಜಾಲರಿಯ ತೂತು) ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಬಾಗಿಲಿಗೆ ಅಡ್ಡ ಕಟ್ಟಿ, ಒಂದಂಗುಲ ನೀರು 24 ಗಂಟೆ ನಿಲ್ಲಿಸಿ. ಆವಿಯಾಗಿ ಒಂದೆರಡು ಮಿ.ಮೀ. ಇಳಿದೀತು. ಅದಕ್ಕಿಂತ ಹೆಚ್ಚು ಇಳಿದರೆ ನೆಲವೇ ಸೋರುತ್ತಿದೆ. ನೀರು ಹಾಗೇ ನಿಂತು, ಬಟ್ಟೆ ತೆಗೆದ ಮೇಲೆ ಗೋಡೆ ಒದ್ದೆಯಾದರೆ ಟ್ರ್ಯಾಪಿನದೋ ಅದರ ಕೆಳಗಿನ ಪೈಪಿನದೋ ದೋಷ. ನೆಲ ಸೋರುವುದಾದರೆ ಮೊದಲು ಹಳೇ ಗ್ರೌಟು ಕೆರೆದು ಎಪಾಕ್ಸಿ ಗ್ರೌಟು ತುಂಬಿ ನೋಡಿ. ಅದರಲ್ಲಿ ಬೇರೆ ಬೇರೆಯಾಗಿ ಬರುವ ರೆಸಿನ್ (ರಾಳ), ಹಾರ್ಡನರ್ (ಗಟ್ಟಿ ಮಾಡುವ ದ್ರಾವಣ) ಮುಂತಾದ ಭಾಗಗಳನ್ನು ಕಣ್ಣಂದಾಜಿನಲ್ಲಿ ಅರ್ಧ ಮಾಡಬೇಡಿ, ಇಡೀ ಪ್ಯಾಕೆಟ್ ಕಲಸಿ. ಅಳತೆ ತಪ್ಪಿದರೆ ಗಟ್ಟಿಯಾಗುವುದೇ ಇಲ್ಲ. ಟೈಲಿನ ಮೇಲೆ ಉಳಿದದ್ದನ್ನು ಆಗಲೇ ಒರೆಸಿ. ಅದಕ್ಕೂ ನಿಲ್ಲದಿದ್ದರೆ ನೆಲ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಬೇಕು, ಅದನ್ನು ಬಲ್ಲ ಮೇಸ್ತ್ರಿಗೇ ಬಿಡಿ. ಆದರೆ ಇಳಿಜಾರು ಮೀಟರಿಗೆ 10 ಮಿ.ಮೀ. ಇದೆಯೇ ಎಂದು ನೀವೇ ನೋಡಿ, ಟೈಲ್ ಹಾಕುವ ಮೊದಲು ಮತ್ತೊಮ್ಮೆ 24 ಗಂಟೆ ನೀರು ನಿಲ್ಲಿಸಲು ಹೇಳಿ.

ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದ್ದವರು ಅದನ್ನು ಕೀಳಿಸುವ ಮಾತೇ ಆಡಬೇಡಿ, ಅಷ್ಟು ತಂಪು ಯಾವ ಟೈಲೂ ಕೊಡುವುದಿಲ್ಲ. ಕೂದಲೆಳೆಯ ಬಿರುಕು ಹಾಗೇ ಇರಲಿ. ಅಗಲವಾದದ್ದನ್ನು ಉಳಿಯಲ್ಲಿ ಅರ್ಧ ಸೆಂ.ಮೀ. ಆಳಕ್ಕೆ ಕೊರೆದು, ತೊಳೆದು, ತೇವ ಇರುವಾಗಲೇ 3 ಪಾಲು ಸಿಮೆಂಟಿಗೆ 1 ಪಾಲು ಆಕ್ಸೈಡ್ ಕಲಸಿ ತುಂಬಿ. ಬಣ್ಣ ಹೊಂದಿಸುವುದೇ ಇಲ್ಲಿನ ಕಷ್ಟ: ಒದ್ದೆಯಲ್ಲಿ ಕಡುಗೆಂಪು ಕಂಡದ್ದು ಒಣಗಿದರೆ ಮಂಕಾಗುತ್ತದೆ. ಹೆಚ್ಚು ಕಡಿಮೆ ಅಳತೆಯ ಮೂರು ಮಾದರಿ ಒಡೆದ ಟೈಲಿನ ಮೇಲೆ ಹಚ್ಚಿ, ಮೂರು ದಿನ ಒಣಗಿಸಿ, ನೆಲದ ಪಕ್ಕ ಇಟ್ಟು ಹೋಲಿಸಿ, ಆಮೇಲೆ ಕೈಹಾಕಿ. ತುಂಬಿದ ಜಾಗದ ಮೇಲೆ ಏಳು ದಿನ ಒದ್ದೆ ಗೋಣಿಚೀಲ ಇರಬೇಕು. ಪೂರ್ತಿ ಆರಿದ ಮೇಲೆ ಬಟ್ಟೆಗೆ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಹೆಚ್ಚಾದರೆ ಧೂಳು ಹಿಡಿದು ಕಪ್ಪಾಗುತ್ತದೆ, ಕಾಲೂ ಜಾರುತ್ತದೆ. ಈ ನೆಲಕ್ಕಾಗಲಿ, ಮೊಸಾಯಿಕ್‌ಗಾಗಲಿ, ಶಹಾಬಾದ್ ಕಲ್ಲಿಗಾಗಲಿ ಬಚ್ಚಲು ತೊಳೆಯುವ ಆ್ಯಸಿಡ್ ತಾಗಿಸಬೇಡಿ. ಅದು ಕೊಳೆಯ ಜೊತೆ ಸಿಮೆಂಟನ್ನೂ ಸುಣ್ಣದ ಕಲ್ಲನ್ನೂ ತಿನ್ನುತ್ತದೆ, ಹೊಳಪು ಹೋದ ಜಾಗ ಉಜ್ಜಿದರೆ ಮರಳಿ ಬರುವುದಿಲ್ಲ.