ಬಂಗಾರಪೇಟೆಯ ಸೋಮವಾರ: ಸಭಾಪಾಲಕರು ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುವ ಬಗೆ

ಭಾನುವಾರ ಆರಾಧನೆ, ಶುಕ್ರವಾರ ಉಪವಾಸ ಪ್ರಾರ್ಥನೆ, ನಡುವೆ ಮನೆಕೂಟ, ಆಸ್ಪತ್ರೆ, ಸಾವಿನ ಮನೆ. ಕೋಲಾರ ಜಿಲ್ಲೆಯಲ್ಲಿ ಸೇವೆ ಮಾಡುವ ಯಾವ ಸಭಾಪಾಲಕರ, ಅಂದರೆ ಪಾಸ್ಟರ್‌ಗಳ, ವಾರವೂ ಹೀಗೇ ಓಡುತ್ತದೆ. "ಅಯ್ಯನವರೇ, ನಮಗಾಗಿ ಪ್ರಾರ್ಥನೆ ಮಾಡಿ" ಅನ್ನುವವರು ಬೇಕಾದಷ್ಟು ಮಂದಿ. "ನೀವು ಹೇಗಿದ್ದೀರಿ?" ಎಂದು ಕೇಳಿ ಉತ್ತರಕ್ಕೆ ಕಾಯುವವರು ಸಿಗುವುದಿಲ್ಲ. ಅಂಥವರನ್ನು ನಾವೇ ಹುಡುಕಿ, ದಿನ ಗೊತ್ತುಮಾಡಿ, ಎದುರಿಗೆ ಕೂರಬೇಕು.

ನಮ್ಮದು ಮೂವರ ಗುಂಪು. ಇಬ್ಬರೇ ಇದ್ದರೆ ಒಬ್ಬರು ಬಾರದ ದಿನ ಕೂಟವೇ ಇಲ್ಲ. ಇಬ್ಬರೂ ಸೇರಿ ಒಂದು ತಪ್ಪನ್ನು ಮುಚ್ಚಿಕೊಳ್ಳುವುದೂ ಸುಲಭ. ಐವರಾದರೆ ಪ್ರಸಂಗ ಶುರುವಾಗುತ್ತದೆ. ಮೂವರೂ ಬೇರೆ ಬೇರೆ ಸಭೆಯವರು. ಒಬ್ಬರ ಸಂಬಳ, ವರ್ಗಾವಣೆ, ಶಿಫಾರಸು ಇನ್ನೊಬ್ಬರ ಕೈಯಲ್ಲಿರಬಾರದು. ಸೇವೆಯಲ್ಲಿ ಬಹಳ ಹಿರಿಯರಾದವರನ್ನು ಈ ಗುಂಪಿಗೆ ಸೇರಿಸಿಕೊಳ್ಳಬೇಡಿ. ಅವರು ಕೇಳುತ್ತಾರೆ, ಆದರೆ ಅವರನ್ನು ಕೇಳುವ ಧೈರ್ಯ ಚಿಕ್ಕವರಿಗೆ ಬರುವುದಿಲ್ಲ. ಅಂಥ ಹಿರಿಯರ ಬಳಿ ಮೂರು ತಿಂಗಳಿಗೊಮ್ಮೆ ಬೇರೆಯಾಗಿ ಹೋಗಿ ಕೂರಬೇಕು. ಆಗ ನಮ್ಮ ಕೆಲಸ ಕಿವಿಗೊಡುವುದು.

ದಿನ ಸೋಮವಾರ, 15 ದಿನಕ್ಕೊಮ್ಮೆ, ಎರಡು ಗಂಟೆ. ಕೋಲಾರ, ಕೆಜಿಎಫ್, ಮಾಲೂರು ಮೂರೂ ಕಡೆಯವರಿಗೆ ಬಂಗಾರಪೇಟೆ ಅನುಕೂಲ. ಎರಡು ಕಡೆಯಿಂದ ರೈಲಿದೆ, ಕೋಲಾರದಿಂದ ಬಸ್ಸಿದೆ. ಹೋಟೆಲ್ ಬೇಡ, ಪಕ್ಕದ ಟೇಬಲ್‌ಗೂ ಮಾತು ಕೇಳಿಸುತ್ತದೆ. ಯಾರ ಮನೆಯ ಹಾಲೂ ಬೇಡ, ಮನೆಯವರು ಬಂದು ಹೋಗುತ್ತಿರುತ್ತಾರೆ. ಸೋಮವಾರ ಖಾಲಿ ಬೀಳುವ ಸಂಡೇ ಸ್ಕೂಲ್ ಕೋಣೆ ಸಾಕು. ಫೋನುಗಳು ಆಫ್ ಆಗಿ ಬೇರೆ ಕೋಣೆಯಲ್ಲಿ.

ಮೊದಲ 20 ನಿಮಿಷ ಕಾಫಿ, ಮನೆ ಮಕ್ಕಳ ಸುದ್ದಿ. ಇದನ್ನು ಬಿಡಬಾರದು, ಸ್ನೇಹವಿಲ್ಲದ ಕಡೆ ಪ್ರಶ್ನೆ ಪೊಲೀಸ್ ವಿಚಾರಣೆಯಾಗುತ್ತದೆ. ಆಮೇಲೆ ಒಬ್ಬೊಬ್ಬರಿಗೆ 25 ನಿಮಿಷ, ಕೊನೆಗೆ ಪ್ರಾರ್ಥನೆ. ನಮ್ಮ ಕಡೆ ಭಾಷೆಯ ಮಾತೂ ಇದೆ. ಕೆಜಿಎಫ್‌ನವರ ಮನೆಮಾತು ತಮಿಳು, ಮುಳಬಾಗಿಲು ಕಡೆ ತೆಲುಗು. ಸಭೆಯಲ್ಲಿ ಕನ್ನಡದಲ್ಲಿ ಪ್ರಸಂಗ ಮಾಡುವವರಿಗೂ ಪಾಪ ಅರಿಕೆ ಮಾಡುವಾಗ ತಾಯಿಯ ಮಾತೇ ಬಾಯಿಗೆ ಬರುತ್ತದೆ. ಬರಲಿ. ಅರ್ಥವಾಗದಿದ್ದರೆ ಆಮೇಲೆ ಕೇಳಿಕೊಳ್ಳಬಹುದು.

ಪ್ರಶ್ನೆಗಳ ವಿಷಯವೇ ಮುಖ್ಯ. ಎಲ್ಲರಿಗೂ ಒಂದೇ ಅಚ್ಚಿನ ಪಟ್ಟಿ ಇಟ್ಟುಕೊಂಡರೆ ಮೂರನೆಯ ತಿಂಗಳಿಗೆ ಉತ್ತರ ಬಾಯಿಪಾಠವಾಗಿರುತ್ತದೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮನ್ನು ಯಾರೂ ಕೇಳದಿದ್ದರೆ ಸಾಕು ಅನ್ನಿಸುವ ಐದು ಪ್ರಶ್ನೆಗಳನ್ನು ತಮ್ಮ ಕೈಯಿಂದಲೇ ಬರೆದು ಉಳಿದಿಬ್ಬರಿಗೆ ಕೊಡಬೇಕು. "ನಿಮ್ಮ ಭಕ್ತಿ ಜೀವನ ಹೇಗಿದೆ?" ಎಂದು ಕೇಳಿದರೆ "ಕರ್ತನ ಕೃಪೆಯಿಂದ ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. "ಈ 15 ದಿನದಲ್ಲಿ ಪ್ರಸಂಗದ ತಯಾರಿಗಲ್ಲದೆ ಎಷ್ಟು ದಿನ ಬೈಬಲ್ ತೆರೆದಿರಿ?" ಎಂದರೆ ಸಂಖ್ಯೆಯನ್ನೇ ಹೇಳಬೇಕು. "ರಾತ್ರಿ ಹತ್ತರ ಮೇಲೆ ಯಾರಿಗೆ ಮೆಸೇಜ್ ಮಾಡಿದಿರಿ?", "ಮನೆಯವರ ಮೇಲೆ ಕೂಗಾಡಿದ್ದು ಯಾವಾಗ?", "ಯಾವ ಮೆಸೇಜ್ ಅಳಿಸಿದಿರಿ?" ಇವೂ ಅಂಥವೇ. ಆರು ತಿಂಗಳಿಗೊಮ್ಮೆ ಪ್ರಶ್ನೆ ಬದಲಿಸಬೇಕು.

ಇದೇನೂ ಹೊಸ ಪದ್ಧತಿಯಲ್ಲ. ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷರಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1738ರ ಡಿಸೆಂಬರ್ 25ರಂದು ಸಣ್ಣ ಗುಂಪುಗಳಿಗೆ ನಿಯಮ ಬರೆದಾಗ ವಾರವಾರವೂ ಕೇಳಬೇಕಾದ ಪ್ರಶ್ನೆಗಳನ್ನು ಕೊಟ್ಟಿದ್ದರು. ಪಾಪವೋ ಅಲ್ಲವೋ ಎಂದು ನಿಮಗೇ ಅನುಮಾನವಿರುವಂಥದ್ದು ಏನಾದರೂ ಯೋಚಿಸಿದಿರಾ, ಆಡಿದಿರಾ, ಮಾಡಿದಿರಾ ಎಂಬುದು ಅವುಗಳಲ್ಲೊಂದು. ಸೇವಕರಿಗೆ ಇದಕ್ಕಿಂತ ತಕ್ಕ ಪ್ರಶ್ನೆ ಇನ್ನೊಂದಿಲ್ಲ. ನಾವು ಬೀಳುವುದು ಬಹಳ ಸಲ ಆ ಅನುಮಾನದ ಜಾಗದಲ್ಲೇ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1742ರಲ್ಲಿ ವೆಸ್ಲಿಯವರ ಜನರಲ್ಲೇ ಶುರುವಾದ ಹನ್ನೆರಡು ಹನ್ನೆರಡು ಜನರ ಗುಂಪುಗಳ ಮೂಲವಂತೂ ಕಟ್ಟಡದ ಸಾಲ. ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ಮನೆಮನೆಗೆ ಹೋದ ಮುಖಂಡರಿಗೆ ಜನ ಹೇಗೆ ಬದುಕುತ್ತಿದ್ದಾರೆ ಎಂಬುದು ಕಣ್ಣಿಗೆ ಬಿತ್ತು, ಹಣದ ಲೆಕ್ಕ ಆತ್ಮದ ಲೆಕ್ಕವಾಯಿತು. ಇಟಿಸಿಎಂ ಆಸ್ಪತ್ರೆ ಕಟ್ಟಿದ ಮೆಥಡಿಸ್ಟ್ ಪರಂಪರೆಯ ಕೋಲಾರಕ್ಕೆ ಇದು ಹೊರಗಿನ ಮಾತಲ್ಲ.

ಹಣದಲ್ಲಿ ಪ್ರಾಮಾಣಿಕರಲ್ಲದಿದ್ದರೆ ಮಿಕ್ಕ ಅರಿಕೆಗಳಿಗೆ ಬೆಲೆಯಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ಪೌಲನು ಕಾಣಿಕೆಯ ಹಣ ಸಾಗಿಸಲು ಒಬ್ಬನೇ ಹೋಗದೆ, ಸಭೆಗಳು ಆರಿಸಿದವನನ್ನೂ ಜೊತೆಗೆ ಇಟ್ಟುಕೊಂಡ. ನಾವು ಪಾಲಿಸುವುದು ಇಷ್ಟು: ಕಾಣಿಕೆಯನ್ನು ಪಾಸ್ಟರ್ ಮುಟ್ಟುವುದಿಲ್ಲ. ಪರಸ್ಪರ ನೆಂಟರಲ್ಲದ ಇಬ್ಬರು ಆರಾಧನೆ ಮುಗಿದ ಕೂಡಲೇ ಎಣಿಸಿ, ಯಾವ ನೋಟು ಎಷ್ಟು ಎಂದು ಬರೆದು ಸಹಿ ಹಾಕುತ್ತಾರೆ, ಸೋಮವಾರ ಬ್ಯಾಂಕಿಗೆ. ಗೋಡೆಗೆ ಅಂಟಿಸುವ ಕ್ಯೂಆರ್ ಕೋಡ್ ಸಭೆಯ ಖಾತೆಯದೇ ಆಗಿರಬೇಕು. ಪಾಸ್ಟರ್ ನಂಬರಿನದು ಅಂಟಿಸಿದರೆ ವರ್ಷದ ಕೊನೆಗೆ ಯಾವುದು ಸಭೆಯದು, ಯಾವುದು ಸ್ವಂತದ್ದು ಎಂದು ಬೇರ್ಪಡಿಸಲು ಆಗುವುದಿಲ್ಲ. ಮನೆ ಪ್ರಾರ್ಥನೆಗೆ ಹೋದಾಗ ಕೈಗೆ ಇಡುವ ಪ್ರೀತಿಕಾಣಿಕೆಗೆ ಒಂದು ನೋಟ್‌ಬುಕ್ ಇಟ್ಟು, ಅದನ್ನು ಗುಂಪಿಗೆ ತೋರಿಸುತ್ತೇವೆ. ಸಭೆಯವರಿಂದ ಕೈಸಾಲವಿಲ್ಲ, ಅವರ ಜೊತೆ ಚೀಟಿ ವ್ಯವಹಾರವೂ ಇಲ್ಲ. ಸಾಲ ಕೊಟ್ಟವರ ಮುಂದೆ ನಿಂತು ಬುದ್ಧಿಮಾತು ಹೇಳಲು ಬಾಯಿ ಬರುವುದಿಲ್ಲ.

ಗುಂಪು ಕೆಡುವುದು ಹೆಚ್ಚಾಗಿ ಒಂದು ವಾಕ್ಯದಿಂದ: "ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ ಬ್ರದರ್, ಯಾರಿಗೂ ಹೇಳಬೇಡಿ." ಒಳಗಿನ ಮಾತು ಪ್ರಾರ್ಥನಾ ವಿನಂತಿಯ ವೇಷದಲ್ಲಿ ಹೊರಗೆ ಹೋಗುತ್ತದೆ. ಹೆಂಡತಿಗೂ ಹೇಳುವಂತಿಲ್ಲ ಎಂದು ಮೊದಲ ದಿನವೇ ಮಾತು ಕೊಡಬೇಕು. ಎರಡನೆಯ ಕೆಡುಕು ಕುರಿ ಕದಿಯುವುದು. ಒಬ್ಬರ ಸಭೆಯ ಕುಟುಂಬ ಇನ್ನೊಬ್ಬರ ಸಭೆಗೆ ಬಂದರೆ ಅದೇ ದಿನ ಫೋನ್ ಮಾಡಿ ಹೇಳಬೇಕು. ಇದನ್ನು ಬಾಯಿಮಾತಿಗೆ ಬಿಡದೆ ಬರೆದುಕೊಂಡಿದ್ದೇವೆ.

ಗುಟ್ಟಿಗೆ ಮಿತಿಯಿದೆ, ಅದನ್ನೂ ಮೊದಲ ದಿನವೇ ಹೇಳಬೇಕು. ಕೋಪ, ಸೋಮಾರಿತನ, ಕಣ್ಣಿನ ಪಾಪ, ಇವು ಮೂವರೊಳಗೇ ಉಳಿಯುತ್ತವೆ. ಅದೇ ತಪ್ಪು ಮೂರು ಸಲ ಬಂದರೆ ಮೊದಲೇ ಒಪ್ಪಿಕೊಂಡ ಒಬ್ಬ ಹಿರಿಯರ ಬಳಿ ಮೂವರೂ ಹೋಗುತ್ತೇವೆ. ಇನ್ನೊಬ್ಬರಿಗೆ ಹಾನಿಯಾಗಿದ್ದರೆ ಗುಟ್ಟಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಂ ಅದನ್ನು ಎಲ್ಲರ ಮೇಲೂ ಹೊರಿಸಿದೆ. ಕ್ಷಮೆ ಕೇಳಿದ್ದಾರೆ, ಕಣ್ಣೀರಿಟ್ಟಿದ್ದಾರೆ ಎಂದು ಅದನ್ನು ನಿಲ್ಲಿಸುವಂತಿಲ್ಲ.

ಎಲ್ಲ ಮೌನವೂ ಪಾಪದ್ದಲ್ಲ. ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ಉಪವಾಸ ಹೇರಬೇಡಿ, ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪಾಸ್ಟರಮ್ಮನವರಿಗೂ ಸಭೆಯ ಹೊರಗೆ ಒಬ್ಬ ಗೆಳತಿ ಬೇಕು. ಗಂಡನ ಲೆಕ್ಕವನ್ನೆಲ್ಲ ಅವರೇ ಕೇಳಲಿ ಎಂದು ಬಿಟ್ಟರೆ ಅವರು ಹೆಂಡತಿಯಾಗಿ ಉಳಿಯುವುದು ಕಷ್ಟ.

ವರ್ಗವಾಗಿ ದೂರ ಹೋದವರನ್ನು ಕೂಡಲೇ ಬಿಟ್ಟುಕೊಡುವುದಿಲ್ಲ. ಹೊಸ ಊರಿನಲ್ಲಿ ಇಬ್ಬರು ಸಿಗುವವರೆಗೆ ಸೋಮವಾರ ಅದೇ ಹೊತ್ತಿಗೆ ಫೋನಿನಲ್ಲಿ ಕೂರುತ್ತೇವೆ. ಹೋಗುವಾಗ ಅವರು ಬರೆದ ಪ್ರಶ್ನೆಗಳ ಹಾಳೆಯನ್ನು ಅವರ ಕೈಗೆ ಕೊಡುತ್ತೇವೆ. ಉತ್ತರಗಳನ್ನು ಮೊದಲಿಂದಲೂ ಎಲ್ಲಿಯೂ ಬರೆದಿಡುವುದಿಲ್ಲ.