ಫ್ಲ್ಯಾಟಿಗೆ ವಿಮೆ ಮಾಡಿಸುವಾಗ ನನ್ನ ಲೆಕ್ಕ ತಪ್ಪಿದ್ದು

ಕಾರವಾರದ ಕೋಡಿಬಾಗದಲ್ಲಿ ನಮ್ಮ ಫ್ಲ್ಯಾಟ್. ಕಳೆದ ಆಷಾಢದಲ್ಲಿ ಎರಡು ದಿನ ಶಿರಸಿಗೆ ಹೋಗಿದ್ದೆವು. ಬಂದು ನೋಡಿದರೆ ಮೇಲಿನ ಮನೆಯ ಪೈಪ್ ಒಡೆದು ನಮ್ಮ ಬೆಡ್‌ರೂಮಿನ ತುಂಬ ನೀರು. ಪ್ಲೈವುಡ್ ಕಪಾಟು ಉಬ್ಬಿ ಬಾಗಿಲು ಹಾಕಲು ಬರುತ್ತಿರಲಿಲ್ಲ. ವಿಮೆ ಇರಲಿಲ್ಲ, ಪೂರ್ತಿ ಕೈಯಿಂದ ಹೋಯಿತು.

ಆಮೇಲೆ ಭಾರತ್ ಗೃಹ ರಕ್ಷಾ ಪಾಲಿಸಿ ನೋಡಿದೆ. 2021ರ ಏಪ್ರಿಲ್‌ನಿಂದ ಇದು ಎಲ್ಲ ಕಂಪನಿಗಳಲ್ಲೂ ಸಿಗುವ ಒಂದೇ ನಮೂನೆಯ ಪಾಲಿಸಿ. ಬೆಂಕಿ, ಚಂಡಮಾರುತ, ನೆರೆ, ಗುಡ್ಡ ಕುಸಿತ, ಪೈಪ್ ಒಡೆಯುವುದು ಎಲ್ಲ ಇದರಲ್ಲಿ ಬರುತ್ತವೆ. ಫ್ಲ್ಯಾಟಿಗೆ ಕೊಟ್ಟ 45 ಲಕ್ಷಕ್ಕೇ ಮಾಡಿಸೋಣ ಅಂದೆ. ಶಿರಸಿಯ ಭಾವ ನಕ್ಕರು. 'ಜಾಗ ಎಲ್ಲಾದ್ರೂ ಸುಟ್ಟು ಹೋಗ್ತದಾ ಮಾರಾಯಾ?'

ಸರಿಯೇ ಅಲ್ವಾ. ವಿಮೆ ಕಟ್ಟಡಕ್ಕೆ, ಜಾಗದ ಬೆಲೆಗಲ್ಲ. 800 ಚದರಡಿ ಕಾರ್ಪೆಟ್ ಏರಿಯಾ (ಹೊರಗೋಡೆಗಳ ಒಳಗಿನ ನೆಲ), ಮತ್ತೆ ಕಟ್ಟಲು ಚದರಡಿಗೆ 2,000 ಅಂತ ಹಿಡಿದೆ, 16 ಲಕ್ಷ ಆಯಿತು. ಕಟ್ಟಡದ ಜೊತೆ ಸಾಮಾನನ್ನೂ ಸೇರಿಸಿದರೆ ಕಟ್ಟಡದ ಮೊತ್ತದ ಶೇ 20, ಅಂದರೆ 3.2 ಲಕ್ಷ, ತಾನಾಗಿಯೇ ಬರುತ್ತದೆ (ಮಿತಿ 10 ಲಕ್ಷ). ನಮಗೆ ಅದು ಸಾಲದು ಅನಿಸಿತು. ಒಂದು ಭಾನುವಾರ ಹೆಂಡತಿ ಜೊತೆ ಕೋಣೆ ಕೋಣೆ ತಿರುಗಿ ಫ್ರಿಜ್, ಗ್ರೈಂಡರ್, ಮಂಚ ಬರೆದೆವು, ಬಿಲ್‌ಗಳ ಫೋಟೋ ತೆಗೆದೆವು. ಲೆಕ್ಕ ಐದು ಲಕ್ಷ ದಾಟಿತು, ನಂಬಲೇ ಆಗಲಿಲ್ಲ. ಅದನ್ನೇ ಬರೆಸಿದೆ. ಚಿನ್ನ ಬ್ಯಾಂಕ್ ಲಾಕರ್‌ನಲ್ಲಿದೆ, ಅದಕ್ಕೆ ಬೇರೆಯಾಗಿ ಮಾಡಿಸುವ ಹೆಚ್ಚುವರಿ ಕವರ್ ಬೇಡ ಅಂದೆ.

ಏಜೆಂಟ್ ಬೇಗ ದಾಟಿಸಿದ್ದನ್ನು ನಾನೇ ಓದಿ ಹಿಡಿದೆ. ಕಡಲ ಉಪ್ಪುಗಾಳಿಗೆ ಗ್ರಿಲ್ ತುಕ್ಕು ಹಿಡಿದರೆ, ಗೋಡೆಗೆ ನಿಧಾನವಾಗಿ ತೇವ ಏರಿದರೆ ದುಡ್ಡು ಬರುವುದಿಲ್ಲ, ನಮ್ಮೂರಲ್ಲಿ ಮನೆ ಕೆಡುವುದೇ ಹಾಗೆ. ಕರೆಂಟ್ ಏರುಪೇರಾಗಿ ಫ್ರಿಜ್ ಒಳಗೇ ಸುಟ್ಟರೂ ಆ ಫ್ರಿಜ್‌ಗೆ ಇಲ್ಲ, ಅದರಿಂದ ಬೆಂಕಿ ಹಬ್ಬಿದರೆ ಉಳಿದುದಕ್ಕೆ ಇದೆ. ಬೆಂಕಿ, ನೆರೆ ಏನೂ ಆಗದೆ ಸುಮ್ನೆ ಬಾಗಿಲು ಒಡೆದು ಕದ್ದರೆ ಬೇರೆ ಕವರ್ ಬೇಕು, ನಾನು ಹಾಕಿಸಿದೆ.

ಲಿಫ್ಟ್, ಟೆರೇಸಿಗೆ ಅಸೋಸಿಯೇಷನ್ ವಿಮೆ ಮಾಡಿಸಿದೆಯಾ ಅಂತಲೂ ಕೇಳಿದೆ. ಕಾರ್ಯದರ್ಶಿಗಳು ಇನ್ನೂ ಫೈಲ್ ಹುಡುಕುತ್ತಿದ್ದಾರೆ.