ಮೋಲ್ಡ್ ಹಾಕಿದ ಸಂಜೆಯೇ ಬಿರುಕು ಬಿಟ್ಟಾಗ

ಬೇಸಿಗೆಯಲ್ಲಿ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್ ಸ್ಲ್ಯಾಬ್, ಹಾಕಿಸುವಾಗ ಎಲ್ಲರೂ ಬಿಸಿಲಿನ ಬಗ್ಗೆ ಕೇಳುತ್ತಾರೆ. ಗಾಳಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ದಾವಣಗೆರೆ ಸುತ್ತಮುತ್ತ ಮನೆ ಕೆಲಸ ನೋಡಿಕೊಳ್ಳುವ ಸೈಟ್ ಇಂಜಿನಿಯರ್. ಹೊಸ ಸ್ಲ್ಯಾಬ್‌ನಲ್ಲಿ ನಾನು ಕಂಡ ಬಿರುಕುಗಳಲ್ಲಿ ಹೆಚ್ಚಿನವು ಒಣಗಾಳಿ ಬೀಸಿದ ದಿನ ಬಂದವು.

ಒಂದು ಏಪ್ರಿಲ್‌ನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಏನಪ್ಪಾ, ಬೆಳಿಗ್ಗೆ ಹಾಕಿದ ಸ್ಲ್ಯಾಬ್ ಎಲ್ಲಾ ಕಡೆ ಸೀಳಿದೆಯಲ್ಲ, ಒಡೆಸಬೇಕಾಗುತ್ತಾ?" ಕೆಲಸ ಬೇರೆ ಕಾಂಟ್ರಾಕ್ಟರದು. ಐದು ಇಂಚಿನ ಸ್ಲ್ಯಾಬ್. ಮಧ್ಯಾಹ್ನ ಕಾಂಕ್ರೀಟ್ ಮುಗಿಸಿ, ಮೇಲೆ ಏನೂ ಹೊದಿಸದೆ ಎಲ್ಲರೂ ಊಟಕ್ಕೆ ಇಳಿದಿದ್ದರು. ನಾನು ಹೋಗುವಷ್ಟರಲ್ಲಿ ಮೇಸ್ತ್ರಿ ಬಕೆಟ್‌ನಲ್ಲಿ ಸಿಮೆಂಟ್ ನೀರು ಕಲಸಿ ಇಟ್ಟುಕೊಂಡಿದ್ದ. "ಇದನ್ನ ಸುರಿದರೆ ಮುಚ್ಚಿಹೋಗುತ್ತೆ ಬಿಡಿ ಸರ್" ಅಂದ. ಸ್ವಲ್ಪ ತಡಿ ಅಂದೆ.

ಬಿರುಕು ಯಾವ ದಿಕ್ಕಿಗೆ ಓಡಿದೆ, ಯಾವಾಗ ಕಾಣಿಸಿತು, ಇವೆರಡು ಗೊತ್ತಾದರೆ ಅರ್ಧ ಕೆಲಸ ಆದಂತೆ. ಅಲ್ಲಿ ಹೆಚ್ಚಿನವು ಓರೆಯಾಗಿ, ಒಂದರ ಪಕ್ಕ ಒಂದು ಬಿದ್ದಿದ್ದವು. ಒಂದೆರಡು ಅಡಿ ಉದ್ದ. ಯಾವುದೂ ಸ್ಲ್ಯಾಬ್‌ನ ಅಂಚು ಮುಟ್ಟಿರಲಿಲ್ಲ. ಇದು ಗಾಳಿಯ ಕೆಲಸ. ಹಸಿ ಕಾಂಕ್ರೀಟ್‌ನಿಂದ ನೀರು ನಿಧಾನವಾಗಿ ಮೇಲಕ್ಕೆ ಬರುತ್ತಿರುತ್ತದೆ. ಅದು ಬರುವುದಕ್ಕಿಂತ ಬೇಗ ಆರಿಹೋದರೆ ಮೇಲ್ಪದರ ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ. ಒಂದು ಚದರ ಮೀಟರಿನಿಂದ ಗಂಟೆಗೆ ಸುಮಾರು 1 ಕೆ.ಜಿ. ನೀರು ಆರತೊಡಗಿದರೆ ಹುಷಾರಾಗಬೇಕು ಅನ್ನುವುದು ಈ ಕೆಲಸದಲ್ಲಿರುವವರ ಲೆಕ್ಕ.

ನನಗೆ ಚಿಂತೆ ತಂದಿದ್ದು ಬೀಮಿನ ಮೇಲಿದ್ದ ಬೇರೊಂದು ಬಿರುಕು. ಅದು ನೇರವಾಗಿ, ಮೇಲಿನ ಕಂಬಿಯ ಗುಂಟವೇ ಓಡಿತ್ತು. ಕಾಂಕ್ರೀಟ್ ಕೆಳಗೆ ಕೂರುವಾಗ ಕಂಬಿ ಅದನ್ನು ಅಲ್ಲೇ ತಡೆಯುತ್ತದೆ, ಕಂಬಿಯ ನೆತ್ತಿಯ ಮೇಲೆ ಸೀಳುತ್ತದೆ. ಕವರ್, ಅಂದರೆ ಕಂಬಿಯ ಮೇಲಿನ ಕಾಂಕ್ರೀಟ್ ಪದರ, ಕಡಿಮೆ ಇದ್ದರೆ ಇದು ಜಾಸ್ತಿ. ನೀರು ನೇರ ಕಂಬಿಗೇ ಇಳಿಯುವುದರಿಂದ ಇದನ್ನು ಹಾಗೇ ಬಿಡುವ ಹಾಗಿಲ್ಲ.

ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದೆ. ಕೊನೆಗೆ ಹಾಕಿದ ಭಾಗ ಇನ್ನೂ ಮೆತ್ತಗಿತ್ತು. ಅಲ್ಲಿ ಮರದ ಹಲಗೆಯಿಂದ ಬಡಿದು, ಒತ್ತಿ, ಬಿರುಕು ತಳದಿಂದ ಕೂಡುವ ಹಾಗೆ ಮಾಡಿಸಿದೆ. ಕರಣೆಯಲ್ಲಿ ಸುಮ್ನೆ ಸವರಿದರೆ ಬಾಯಿ ಮುಚ್ಚುತ್ತದೆ, ಒಳಗೆ ಸೀಳು ಹಾಗೇ ಇರುತ್ತದೆ. ಗಟ್ಟಿಯಾದ ಕಡೆ ಕೈ ಹಾಕಿಸಲಿಲ್ಲ. ಸೆಟ್ ಆಗುತ್ತಿರುವ ಕಾಂಕ್ರೀಟನ್ನು ಬಡಿದರೆ ಕೆಡುವುದೇ ಹೆಚ್ಚು. ಒಣ ಸಿಮೆಂಟ್ ಉದುರಿಸಿ ಉಜ್ಜುವ ಅಭ್ಯಾಸವಂತೂ ಬೇಡವೇ ಬೇಡ. ಆಮೇಲೆ ಮೇಲ್ಮೈ ತುಂಬಾ ಜೇಡರಬಲೆಯಂಥ ಸಣ್ಣ ಗೆರೆ ಬರುತ್ತದೆ.

ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಾರದಂತೆ ಅಂಚಿಗೆ ಇಟ್ಟಿಗೆ ಇಡಿಸಿದೆ. ಮರುದಿನ ಬೆಳಿಗ್ಗೆ ಪಾತಿ ಕಟ್ಟಿ ನೀರು ನಿಲ್ಲಿಸಿದೆವು. ಅವರು ಬಳಸಿದ್ದು ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ (ತೇವ ಆರದಂತೆ ನೋಡಿಕೊಳ್ಳುವುದು) ಬೇಕು, 14 ಆದರೆ ಒಳ್ಳೆಯದು. ನೀರು ಕಟ್ಟುವ ಮೊದಲು ಬಿರುಕುಗಳ ಜಾಗವನ್ನು ಅಳತೆ ಹಿಡಿದು ಕಾಗದದ ಮೇಲೆ ಬರೆದುಕೊಂಡೆ. ಮೇಷ್ಟ್ರಿಗೆ ಇದು ಇಷ್ಟವಾಯಿತು. ತಮ್ಮದೇ ಒಂದು ನೋಟ್‌ಬುಕ್ ಶುರು ಮಾಡಿದರು, ನನ್ನದಕ್ಕಿಂತ ಅಚ್ಚುಕಟ್ಟಾಗಿ.

ಬಿರುಕು ತುಂಬುವ ಕೆಲಸ ಕ್ಯೂರಿಂಗ್ ಮುಗಿದ ಮೇಲೆ. ಎಪಾಕ್ಸಿಗೆ, ಅಂದರೆ ಬಿರುಕಿಗೆ ಇಳಿಸುವ ಗಟ್ಟಿಯಾಗುವ ಅಂಟಿಗೆ, ಬಿರುಕು ಒಣಗಿರಬೇಕು. ಅಗಲ ಅಳೆಯಲು ಬೈಕ್ ಮೆಕ್ಯಾನಿಕ್ ಹತ್ತಿರ ಇರುವ, ಬೇರೆ ಬೇರೆ ದಪ್ಪದ ತೆಳು ಪಟ್ಟಿಗಳ ಫೀಲರ್ ಗೇಜ್ ಸಾಕು. ಅದೇ 456ರಲ್ಲಿ ಸಾಮಾನ್ಯ ಕಡೆ 0.3 ಮಿ.ಮೀ., ಸದಾ ತೇವ ಇರುವ ಕಡೆ 0.2 ಮಿ.ಮೀ. ಮಿತಿ ಇದೆ. ತಾರಸಿಯಲ್ಲಿ ನಾನು 0.2 ಹಿಡಿಯುತ್ತೇನೆ. ಸೆಂಟ್ರಿಂಗ್ (ಕೆಳಗೆ ಆಧಾರಕ್ಕೆ ಕಟ್ಟಿದ ಶೀಟು, ಕಂಬ) ಬಿಚ್ಚಿದ ಮೇಲೆ ಮತ್ತೆ ಒಂದು ದಿನ ನೀರು ನಿಲ್ಲಿಸಿ ಕೆಳಗಿನಿಂದ ಟಾರ್ಚ್ ಹಿಡಿದು ನೋಡಿದೆವು. ಒಂದು ಕಡೆ ಮಾತ್ರ ತೇವದ ಗೆರೆ ಕಂಡಿತು. ಅಂದರೆ ಆ ಬಿರುಕು ಆರಪಾರ ಹೋಗಿದೆ. ಅದಕ್ಕೂ ಬೀಮಿನ ಮೇಲಿನದಕ್ಕೂ, ಪೂರ್ತಿ ಒಣಗಿದ ಮೇಲೆ, ನೀರಿನಂತೆ ತೆಳ್ಳಗಿರುವ ಎಪಾಕ್ಸಿ ಇಳಿಸಿದೆ. ಆರಪಾರ ಹೋದದ್ದಕ್ಕೆ ಕೆಳಗಿನಿಂದ ಮೊದಲೇ ಮುಚ್ಚಿರಬೇಕು, ಇಲ್ಲದಿದ್ದರೆ ದುಬಾರಿ ಮಾಲು ನೆಲಕ್ಕೆ ಸೋರುತ್ತದೆ. ಉಳಿದ ಸಣ್ಣವನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ದೂಳು ಊದಿ ತೆಗೆದು, ಒದ್ದೆ ಮಾಡಿ, ಎಸ್‌ಬಿಆರ್ ಲೇಟೆಕ್ಸ್ (ಅಂಟು ಹೆಚ್ಚಿಸುವ ಹಾಲಿನಂಥ ರಬ್ಬರ್ ದ್ರಾವಣ) ಬೆರೆಸಿದ ಸಿಮೆಂಟನ್ನು ಬ್ರಷ್‌ನಿಂದ ಒಳಗೆ ತುಂಬಿಸಿದೆವು.

ಬಿರುಕು ಬಾಲ್ಕನಿಯ ಬುಡದಲ್ಲಿ ಮೇಲ್ಗಡೆ ಇದ್ದಿದ್ದರೆ, ಅಥವಾ ಸೆಂಟ್ರಿಂಗ್ ಬಿಚ್ಚಿದ ಮೇಲೆ ಸ್ಲ್ಯಾಬ್‌ನ ನಡುವೆ ಅಡಿಭಾಗದಲ್ಲಿ ಹೊಸದಾಗಿ ಬಂದಿದ್ದರೆ ಲೆಕ್ಕವೇ ಬೇರೆ. ಆಗ ಕೆಳಗೆ ಆಧಾರದ ಕಂಬ ಮತ್ತೆ ಕೊಟ್ಟು ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಬೇಕು, ಎಪಾಕ್ಸಿ ಡಬ್ಬ ತೆರೆಯಬಾರದು.

ಮೇಲಿನ ಮಹಡಿಯ ಮೋಲ್ಡ್ ನನಗೇ ಬಂತು. ಬೆಳಕು ಹರಿಯುವ ಮೊದಲೇ ಮಿಕ್ಸರ್ ಶುರು. ಸೆಂಟ್ರಿಂಗ್ ಶೀಟ್‌ಗೂ ಕಂಬಿಗೂ ಮೊದಲು ನೀರು ಚಿಮುಕಿಸಿ ತಂಪು ಮಾಡಿಸಿದೆ, ಆದರೆ ಎಲ್ಲೂ ನಿಲ್ಲದ ಹಾಗೆ. ಪಶ್ಚಿಮದ ಕಡೆ ತೋಟಕ್ಕೆ ಕಟ್ಟುವ ಹಸಿರು ಶೇಡ್ ನೆಟ್ ಕಟ್ಟಿಸಿದೆ. ಹಾಕಿ ಮಟ್ಟ ಮಾಡಿದ ಪಟ್ಟಿಗೆ ಆಗಲೇ ಹಾಳೆ. ಜಗಳ ನಡೆದಿದ್ದು ನೀರಿನ ಬಗ್ಗೆ. ಎಂ20 ದರ್ಜೆಯ ಕಾಂಕ್ರೀಟಿಗೆ ನೀರು ಸಿಮೆಂಟಿನ 0.55 ಪಾಲು ಮೀರಬಾರದು, ಅಂದರೆ 50 ಕೆ.ಜಿ. ಚೀಲಕ್ಕೆ 27.5 ಲೀಟರ್, ಮರಳಿನ ತೇವವೂ ಸೇರಿ. ಮಿಕ್ಸರ್ ಹುಡುಗರಿಗೆ ಇದು ತೀರಾ ಕಡಿಮೆ ಅನಿಸುತ್ತದೆ, ಕಣ್ಣು ತಪ್ಪಿಸಿ ಒಂದು ಚೊಂಬು ಸುರಿದೇ ಸುರಿಯುತ್ತಾರೆ. ಅದಕ್ಕೇ ಡ್ರಮ್ ಪಕ್ಕ ಕುರ್ಚಿ ಹಾಕಿಕೊಂಡು ಮೇಷ್ಟ್ರೇ ಕೂತರು. ಆ ಸ್ಲ್ಯಾಬ್‌ನಲ್ಲಿ ಮೆಟ್ಟಿಲ ಪಕ್ಕ ನೆಟ್ ಬಿಚ್ಚಿಕೊಂಡಿದ್ದ ಕಡೆ ಮಾತ್ರ ಒಂದು ಸಣ್ಣ ಗೆರೆ ಬಂತು. ಹಸಿ ಇದ್ದಾಗಲೇ ಮೇಸ್ತ್ರಿ ಹಲಗೆಯಿಂದ ಒತ್ತಿ ಮುಚ್ಚಿದ.